ಹತ್ತು ತೊಂಬತ್ತೊಂಬತ್ತರ ಬದಲಿಗೆ

ಫ್ಯಾನಿನ ಗಾಳಿಗೆ ಆ ಹಳದಿ ಹಾಳೆಯ ಮೂಲೆ ಮತ್ತೆ ಮತ್ತೆ ಏಳುತ್ತಿದೆ, ಟೇಪು ಹಿಡಿಯುತ್ತಿಲ್ಲ, ಸೋಮವಾರ ಪೊಲೀಸ್ ಮುಖ್ಯಸ್ಥರಾದ ಶೆರಿಫರೇ ಬಂದು ಅಂಟಿಸಿಹೋದದ್ದು — ಇನ್ನು ಮೇಲೆ ವೈರ್‌ಲೆಸ್‌ನಲ್ಲಿ ಸಂಕೇತದ ಅಂಕಿ ಬೇಡ, ಮನುಷ್ಯರು ಮಾತಾಡೋ ಹಾಗೆ ಮಾತಾಡಿ — ಇಪ್ಪತ್ತೆರಡು ವರ್ಷ ಕಂಟ್ರೋಲ್ ರೂಮಿನ ಈ ಕುರ್ಚಿಯಲ್ಲಿ ಕೂತು ಮಾರ್ಲಿಸ್ ಮತ್ತೇನು ಮಾಡುತ್ತಿದ್ದಳಂತೆ, ಅಂಕಿಗಳೇ ಅವಳ ಮಾತು, ಮನೆಯಲ್ಲಿ ಊಟಕ್ಕೆ ಕರೆದರೂ ಸರಿ ಎನ್ನುವ ಬದಲು ಬಾಯಿಗೆ ಹತ್ತು ನಾಲ್ಕು ಎಂದೇ ಬರುತ್ತಿತ್ತು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು, ಪರದೆಯ ಮೇಲೆ ಅಕ್ಷರಗಳು ಇನ್ನೂ ಕೆಂಪಗೇ ಇವೆ, ಇನ್ನೊಮ್ಮೆ ಓದಿದರೆ ಬದಲಾಗುತ್ತದೆಯೇ — ಈ ಹೆಸರಿನವನ ಮೇಲೆ ವಾರಂಟ್ ಇದೆ, ಬಂದೂಕು ಇಟ್ಟುಕೊಂಡಿರುತ್ತಾನೆ, ಜೀವಂತ ಕೈಗೆ ಸಿಗಲ್ಲ ಎಂದು ಅಣ್ಣನಿಗೆ ಹೇಳಿಹೋಗಿದ್ದಾನೆ. ಆ ಹೆಸರನ್ನು ನಿಮಿಷದ ಹಿಂದೆ ವೈರ್‌ಲೆಸ್‌ನಲ್ಲಿ ಓದಿ ಹೇಳಿದವನು ಗಸ್ತಿನ ಪೊಲೀಸು ಆರ್ವಿಡ್, ಬೀಟ್‌ರೂಟ್ ಹೊಲಗಳ ನಡುವಿನ ಜಲ್ಲಿ ರಸ್ತೆಯಲ್ಲಿ, ಒಬ್ಬನೇ, ಹಿಂದಿನ ದೀಪ ಒಡೆದ ನೀಲಿ ಪಿಕಪ್ ನಿಲ್ಲಿಸಿಕೊಂಡು, ಲೈಸೆನ್ಸ್ ಕೈಯಲ್ಲಿ ಹಿಡಿದು ಕಿಟಕಿಗೆ ಬಾಗಿದ್ದಾನೆ, ಬಾಗಿದಾಗ ಹೆಗಲಿಗೆ ಸಿಕ್ಕಿಸಿದ, ಅವಳ ದನಿ ಹೊರಡುವ ಆ ಕಪ್ಪು ಮೈಕು ಒಳಗೆ ಕೂತವನ ಕಿವಿಗೆ ಎಷ್ಟು ದೂರ, ಒಂದು ಗೇಣು, ಹೆಚ್ಚೆಂದರೆ ಒಂದೂವರೆ —

ಹೋದ ವಾರವಾಗಿದ್ದರೆ ಹತ್ತು ತೊಂಬತ್ತೊಂಬತ್ತು, ಎದುರಿಗಿರುವವನ ಮೇಲೆ ವಾರಂಟ್ ಇದೆ ಎಂದರ್ಥ, ಅಷ್ಟೇ, ಆರ್ವಿಡ್ ಆಕಳಿಸಿದ ಹಾಗೆ ಮಾಡಿ ಎರಡು ಹೆಜ್ಜೆ ಹಿಂದೆ ಸರಿದು ಕೈಯನ್ನು ಸೊಂಟಕ್ಕೆ ತರುತ್ತಿದ್ದ, ಈಗಲೂ ಅಂದುಬಿಡಲೇ — ಬೇಡ, ಇವನು ಎರಡು ಸಲ ಜೈಲು ಕಂಡವನು, ಅಂಥವರಿಗೆ ಆ ಅಂಕಿ ತಮ್ಮ ಹುಟ್ಟಿದ ದಿನದಷ್ಟೇ ಚೆನ್ನಾಗಿ ಗೊತ್ತು, ಅಂಕಿಯನ್ನು ನಂಬಿ ಏನಾಯಿತು ಜೂನ್ ತಿಂಗಳ ಬಿರುಗಾಳಿಯಲ್ಲಿ, ಪಕ್ಕದ ಕೌಂಟಿಯ ಅಗ್ನಿಶಾಮಕದವನು ಕಿರುಚುತ್ತಿದ್ದ, ನೀವೇನ್ ಹೇಳ್ತಿದ್ದೀರೋ ತಿಳೀತಿಲ್ಲ ಮೇಡಂ, ಮಾತಲ್ಲಿ ಹೇಳಿ, ಅವಳ ನಾಲಿಗೆ ಮತ್ತೆ ಅಂಕಿಗೇ ಹೊರಳಿತು, ಆರು ನಿಮಿಷ ಹೋಯಿತು, ಶೆರಿಫರು ಹೇಳುವುದು ಸರಿಯೇ, ಎಲ್ಲ ಸರಿಯೇ, ಆದರೆ ಇಲ್ಲಿ? ಹಾಳೆಯಲ್ಲಿದ್ದಂತೆಯೇ ಕೇಳಿದಳಲ್ಲ, ಕೇಳಿಸಿಕೊಳ್ಳೋ ಜಾಗದಲ್ಲಿದ್ದೀಯಾ ಎಂದು, ಹಾಗೆಂದರೆ ದೂರ ಸರಿದು ಉತ್ತರ ಕೊಡಬೇಕು, ಆರ್ವಿಡ್ ನಿಂತಲ್ಲಿಂದಲೇ, ಹೂಂ ಹೇಳು ಮಹಾತಾಯಿ, ಇಲ್ಲೇ ಇದೀನಿ. ಇಷ್ಟು ವರ್ಷ ಕಿಟಕಿಯ ಪಕ್ಕ ನಿಂತೇ ಕೇಳಿದವನು, ಅಂಕಿ ಅವನನ್ನು ಕಾಯುತ್ತಿತ್ತು, ಕಾಲು ಕದಲಿಸುವ ಅಭ್ಯಾಸವೇ ಇಲ್ಲ, ಶುಕ್ರವಾರದ ತರಬೇತಿಯಲ್ಲಿ ಹಿಂದಿನ ಸಾಲಲ್ಲಿ ಡೋನಟ್ ಮೆಲ್ಲುತ್ತ, ಐವತ್ತೆಂಟನೇ ವಯಸ್ಸಿಗೆ ನಂಗೆ ಮಾತು ಕಲಿಸ್ತೀರೇನ್ರಪ್ಪಾ, ನನ್ ಹೆಂಡ್ತಿ ವರ್ನಾ ಮೂವತ್ತು ವರ್ಷ ಒದ್ದಾಡಿ ಕೈಬಿಟ್ಲು, ಎಲ್ಲರೂ ನಕ್ಕು ಆಮೇಲೆ ಸುಮ್ಮನಾದರು, ವರ್ನಾ ಮಣ್ಣು ಸೇರಿ ಎರಡು ಚಳಿಗಾಲವಾಗಿದೆ, ಉಸಿರಾಡ್ತಿಲ್ಲ ಬೇಗ ಬನ್ನಿ ಎಂಬ ಅವನ ಕರೆ ಎತ್ತಿದ್ದೂ ಇದೇ ಮಾರ್ಲಿಸ್.

ಪಕ್ಕದ ಮೇಜಿನಿಂದ ಕೊಲೀನ್ ಪಿಸುಗುಟ್ಟುತ್ತಾಳೆ, ಇನ್ನೊಂದು ಕಾರು ಹೊರಟಿದೆ ಕಣೇ, ತಲುಪೋಕೆ ಹದಿನಾಲ್ಕು ನಿಮಿಷ, ಆರ್ವಿಡ್ ಮೊಬೈಲು ಎತ್ತುತ್ತಿಲ್ಲ, ಎಲ್ಲಿ ಎತ್ತುತ್ತಾನೆ, ಅದು ಯಾವತ್ತೂ ಕಾರಿನ ಸೀಟಿನ ಮೇಲೇ, ಹದಿನಾಲ್ಕು ನಿಮಿಷ, ಕೆಂಪು ಅಕ್ಷರ, ಮೈಕು, ಕಿವಿ, ಒಂದು ಗೇಣು — ಏನೇ ಮಾರ್ಲಿಸ್, ನಿದ್ದೆ ಹೋದ್ಯಾ, ಎಂದು ಅವನ ನಗು, ಅದರ ಹಿಂದೆಯೇ ಇನ್ನೊಂದು ದನಿ, ತೀರಾ ಹತ್ತಿರದಿಂದ, ಇನ್ನೂ ಹೊತ್ತಾಗುತ್ತಾ ಸಾರ್? ಕಾಲು ತಾನಾಗಿಯೇ ಮಾತು ಕಳಿಸುವ ಪೆಡಲ್ ಒತ್ತಿದೆ, ಏನು ಹೇಳಬೇಕೆಂದು ಗೊತ್ತಿಲ್ಲದೆ ಒತ್ತಿದೆ, ಬಾಯಿ ತೆರೆದಿದೆ, ಆರ್ವಿಡ್, ವರ್ನಾ ಫೋನ್ ಮಾಡಿದಾಳೆ, ಕಾರಿಗೆ ಹೋಗಿ ಮಾತಾಡ್ಬೇಕಂತೆ.

ಏನು ಮಾಡಿದೆ ನಾನು ಎಂದುಕೊಳ್ಳುತ್ತ ಮಾರ್ಲಿಸ್ ಸೆಕೆಂಡು ಎಣಿಸುತ್ತಾಳೆ, ಸತ್ತ ಹೆಂಡತಿಯ ಹೆಸರು ಕೇಳಿ ಯಾವ ಗಂಡಸಿನ ಮುಖ ಮುಖವಾಗಿ ಉಳಿದೀತು, ಒಳಗೆ ಕೂತವನು ನೋಡುತ್ತಿರುವುದು ಆ ಮುಖವನ್ನೇ ಅಲ್ಲವೇ, ಒಂದು, ಎರಡು, ಮೂರು, ನಾಲ್ಕು — ಊಟಕ್ಕೇನ್ ಮಾಡ್ಲಿ ಅಂತ ಕೇಳೋಕಿರ್ಬೇಕು, ಆರ್ವಿಡನ ದನಿ, ಇಷ್ಟೂ ಅಳ್ಳಾಡದ ದನಿ, ಒಂದ್ನಿಮಿಷ ಇರಿ ಸಾರ್, ಬಂದೆ.

ತಿಳಿಯಿತು ಅವನಿಗೆ, ದೇವರೇ, ತಿಳಿಯಿತು, ಆದರೆ ವೈರ್‌ಲೆಸ್ ಕಚ್ಚಿಕೊಂಡೇ ಇದೆ, ಗುಂಡಿ ಬಿಟ್ಟಿಲ್ಲ, ಬೇಕೆಂದೇ ಒತ್ತಿ ಹಿಡಿದಿದ್ದಾನೆ, ಅವಳು ಕೇಳಲಿ ಎಂದು, ಅವನು ಬಿಡುವವರೆಗೆ ಅವಳ ಮಾತು ಅವನಿಗೆ ತಲುಪದು, ಜಲ್ಲಿಯ ಮೇಲೆ ಬೂಟಿನ ಸದ್ದು, ಕಾರಿನವರೆಗೆ ಹನ್ನೆರಡು ಹೆಜ್ಜೆ ಇರಬಹುದು, ಹದಿನೈದು, ಹಿಮ್ಮುಖವಾಗಿ ನಡೆಯೋ, ಬೆನ್ನು ಕೊಡಬೇಡ್ವೋ, ಆದರೆ ಹೆಂಡತಿ ಕರೆದಳೆಂದು ಹೋಗುವವನು ಹಿಮ್ಮುಖವಾಗಿ ಹೇಗೆ ನಡೆದಾನು, ಅವಳೇ ಹೇಳಿದ್ದು, ಅವಳೇ ಅವನ ಬೆನ್ನು ತಿರುಗಿಸಿದ್ದು, ಐದು, ಆರು, ಏಳು — ಕೀರ್ ಎಂದು ಒಂದು ಬಾಗಿಲು, ಅವನ ಕಾರಿನದಲ್ಲ, ಪಿಕಪ್ಪಿನದು, ಏಳು ಹೆಜ್ಜೆಗೆ ಕಾರು ಸಿಗುವುದಿಲ್ಲ, ಬೂಟು ನಿಂತಿದೆ, ಕೊಲೀನ್ ಏನೋ ಕೇಳುತ್ತಿದ್ದಾಳೆ, ಅವಳ ಕಣ್ಣ ಮುಂದೆ ಬಿಸಿಲಲ್ಲಿ ಅವನ ಹೆಗಲು, ಹೆಗಲ ಮೇಲೆ ಆ ಕಪ್ಪು ಮೈಕು, ಆ ಮೈಕು ಇನ್ನೂ ತೆರೆದೇ ಇದೆ, ಅವಳು ಕೇಳುತ್ತಲೇ ಇದ್ದಾಳೆ —