ಒಲೆ ಕಾಣದ ಹಾಲು

ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದ ಅಣ್ಣನಿಗೆ ಏನು ಕೊಟ್ಟರೂ ಒಳಗೆ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೆ ವಾಂತಿ. ಹಸುವಿನ ಹಾಲಂತೂ ಹುಟ್ಟಿನಿಂದಲೇ ಆಗಿಬರದು. ನಾಳೆಯವರೆಗೂ ಹೀಗೇ ಆದರೆ ಮತ್ತೆ ಸೇರಿಸಿಕೊಂಡು ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಬಸ್ಸು ಓಡಿಸುತ್ತ ರಸ್ತೆಯೆಲ್ಲ ತನ್ನದೇ ಎಂಬಂತೆ ಗದರುತ್ತಿದ್ದವನು ಟ್ಯೂಬಿನ ಹೆಸರು ಕೇಳಿದ್ದೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ.

ತಂಗಿಗೆ ಅಮ್ಮನ ಬಾದಾಮಿ ಹಾಲು ನೆನಪಾಯಿತು. ಅದನ್ನು ಕುಡಿದೇ ಅವನು ಬೆಳೆದದ್ದು. ನೆನೆಸಿಟ್ಟ ಬಾದಾಮಿಯ ಸಿಪ್ಪೆ ಸುಲಿದು, ಅರ್ಧವನ್ನು ಮಿಕ್ಸಿಗೆ ಹಾಕಿ, ಸೋಸಿ, ಒಲೆಯ ಮೇಲಿಟ್ಟಳು. ಹಾಲು ಅಂದಮೇಲೆ ಉಕ್ಕಿಸಬೇಕಲ್ಲ, ಕೈಗೆ ಅದೇ ರೂಢಿ. ಅದು ಉಕ್ಕಲಿಲ್ಲ. ಒಡೆದು ಗರಣೆಯಾಗಿ ಮೇಲೆಲ್ಲ ಎಣ್ಣೆ ತೇಲಿತು.

ಅಣ್ಣ ಲೋಟದೊಳಗೆ ಇಣುಕಿದ. "ಇದೇನೇ, ಗ್ಯಾರೇಜಿಂದ ತಂದ್ಯಾ?"

"ಒಂದ್ ಗುಟುಕು ಕುಡಿದು ನೋಡಣ್ಣ."

"ಬೇಡಮ್ಮ, ವಾಸನೆಗೇ ಹೊಟ್ಟೆ ತೊಳಸ್ತಿದೆ."

ಅವಳು ಅಡುಗೆಮನೆಗೆ ಹೋಗಿ ಅದನ್ನು ಚೆಲ್ಲಿದಳು. ಚಿಕ್ಕವಳಿದ್ದಾಗ ಇದೇ ಬಾಗಿಲ ಸಂದಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತು ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಅಮ್ಮ ಕಲ್ಲಿನ ಕುಟ್ಟಾಣಿ ಮುಂದಿಟ್ಟುಕೊಂಡು, ತಣ್ಣೀರನ್ನು ಹನಿ ಹನಿಯಾಗಿ ಬಿಡುತ್ತ, ಯಾವ ಅವಸರವೂ ಇಲ್ಲದೆ ಅರೆಯುತ್ತಿದ್ದಳು. ನಡುವೆ ಮೊಣಕೈಯಿಂದ ಕೂದಲು ಸರಿಸಿಕೊಳ್ಳುತ್ತಿದ್ದಳು. ಬಟ್ಟೆಯಲ್ಲಿ ಹಿಂಡುತ್ತಿದ್ದಳು. ಆಮೇಲೆ? ಎಷ್ಟು ಹುಡುಕಿದರೂ ಆ ನೆನಪಿನಲ್ಲಿ ಒಲೆಯೇ ಇರಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಲೋಟ ಕೂತಿರುತ್ತಿತ್ತು, ಅಷ್ಟೆ.

ಉಳಿದ ಬಾದಾಮಿಯನ್ನು ಹಾಗೆಯೇ ಅರೆದಳು. ತೋಳು ಬಿದ್ದುಹೋಯಿತು. ಹಿಂಡಿದ ಹಾಲಿನ ಲೋಟವನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, ಕುಟ್ಟಾಣಿ ತೊಳೆದು ತಿರುಗಿದರೆ ಹಾಲು ಎರಡಾಗಿತ್ತು: ಮೇಲೆ ದಪ್ಪ ಬಿಳುಪು, ಕೆಳಗೆ ತೆಳು ನೀರು. ಇದೂ ಕೆಟ್ಟಿತೆಂದು ಚೆಲ್ಲಲು ಎತ್ತಿದಳು. ಅಷ್ಟರಲ್ಲಿ ಅಣ್ಣ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ.

"ಚೆಲ್ಲಬೇಡ್ವೇ. ಅದು ಹಂಗೇ ನಿಲ್ಲೋದು. ಅಮ್ಮ ಚಮಚದಲ್ಲಿ ತಿರುಗಿಸಿ ಕೊಡೋಳು."

ತಿರುಗಿಸಿದಳು. ಏನೂ ಆಗಿಲ್ಲವೆಂಬಂತೆ ಹಾಲು ಒಂದಾಯಿತು. ಎಣ್ಣೆಯ ಒಂದು ಹನಿಯೂ ತೇಲಲಿಲ್ಲ.

"ನಂಗೆ ಇದು ಗೊತ್ತೇ ಇರ್ಲಿಲ್ಲ," ಅಂದಳು.

"ಅಮ್ಮ ಅರೆಯೋದನ್ನ ನೀನು ನೋಡ್ದೆ, ನಾನು ಕುಡಿದೆ. ಇಬ್ರೂ ಸೇರಿದ್ರೂ ಅರ್ಧ ಅಮ್ಮ ಆಗಲ್ಲ ಬಿಡು."

ಮಂಚದ ಮೇಲೆ ಕೂತು ಚಮಚ ಚಮಚವಾಗಿ ಕುಡಿದ. ಅವಳು ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ಅವನ ಗಂಟಲನ್ನೇ ನೋಡುತ್ತ ಕೂತಳು. ಲೋಟ ಖಾಲಿಯಾಯಿತು. ಕಿಟಕಿಯ ಬಿಸಿಲು ನೆಲ ದಾಟಿ ಮಂಚದ ಕಾಲಿಗೆ ಬಂತು. ಇದ್ದಕ್ಕಿದ್ದಂತೆ ಅವನ ಹೊಟ್ಟೆ ಗುಡುಗಿತು. ಅವಳು ಬಕೆಟ್ ಎತ್ತಿ ಅವನ ಮುಂದೆ ಹಿಡಿದಳು.

ಅಣ್ಣ ಅದನ್ನು ಪಕ್ಕಕ್ಕೆ ಸರಿಸಿದ. ತನಗೇ ನಂಬಿಕೆಯಿಲ್ಲದವನ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

"ಅದಲ್ಲ ಕಣೇ. ಹಸಿವಾಗ್ತಿದೆ."