ತಂದೆ ಅಥವಾ ಪೋಷಕ

ಮಗಳು ತನ್ನವಳಲ್ಲ ಎಂಬ ಸಂಗತಿ ಭೂತಯ್ಯನಿಗೆ ಗೊತ್ತಾದದ್ದು ತೊಂಬತ್ತೆಂಟನೇ ಇಸವಿಯ ಜೂನ್‌ನಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಶಾಲೆಯಲ್ಲಿ ಮೇಷ್ಟ್ರು ಕೊಟ್ಟ ಟಿ.ಸಿ.ಯಿಂದ. ಏಳನೇ ಕ್ಲಾಸು ಪಾಸಾದ ಶೀಲಾಳನ್ನು ಸಕಲೇಶಪುರದ ಹಾಸ್ಟೆಲಿಗೆ ಸೇರಿಸಬೇಕಿತ್ತು. ಟಿ.ಸಿ.ಯಲ್ಲಿ ತಂದೆಯ ಹೆಸರು ಏಕಾಂತಯ್ಯ ಎಂದಿತ್ತು.

ಏಕಾಂತಯ್ಯ ಎಂದರೆ ವನಗೂರು ಕಡೆಯ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್, ಐವತ್ತಾದರೂ ಮದುವೆಯಾಗದವನು. ಏಳು ವರ್ಷದ ಹಿಂದೆ, ಭೂತಯ್ಯ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ದಿನ, ಕೂಲಿಯವರ ಮನೆಗಳಿದ್ದ ಲೈನಿನ ಒಂಬತ್ತು ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಹೋಗಿ ಶಾಲೆಗೆ ಸೇರಿಸಿದ್ದು ಅವನೇ. ಆಗಿನ ದಾಖಲೆ ಪುಸ್ತಕದಲ್ಲಿ ‘ತಂದೆ ಅಥವಾ ಪೋಷಕ’ ಎಂದು ಒಂದೇ ಕಾಲಂ ಇತ್ತು. ಒಂಬತ್ತಕ್ಕೂ ಏಕಾಂತಯ್ಯ ಅಲ್ಲಿ ತನ್ನ ಹೆಸರು ಬರೆದ. ಹೊಸ ಪುಸ್ತಕ ಬಂದಾಗ ಪೋಷಕ ಬಿದ್ದುಹೋಗಿ ತಂದೆ ಉಳಿದ. ಬ್ರಹ್ಮಚಾರಿಗೆ ಹೀಗೆ ಒಂದೇ ಸಲಕ್ಕೆ ಒಂಬತ್ತು ಮಕ್ಕಳಾದವು. ಉಳಿದ ಎಂಟು ಮಂದಿ ಟಿ.ಸಿ. ಬೇಕಾಗುವ ಮೊದಲೇ ಶಾಲೆ ಬಿಟ್ಟಿದ್ದರಿಂದ ಯಾರ ತಕರಾರೂ ಬಂದಿರಲಿಲ್ಲ.

“ತಿದ್ದಬೇಕು ಅಂದ್ರೆ ಆಧಾರ ಬೇಕಪ್ಪ,” ಎಂದರು ಮೇಷ್ಟ್ರು.

“ನಾನೇ ನಿಂತಿದೀನಲ್ಲ ಸಾ.”

“ನಿಂತಿದೀಯ ಅನ್ನೋದಕ್ಕೆ ಆಧಾರ ಬೇಡ. ಅಪ್ಪ ಅನ್ನೋದಕ್ಕೆ ಬೇಕು.”

ಹೆರಿಗೆ ಲೈನಿನಲ್ಲೇ ಆಗಿತ್ತು, ಜನನಪತ್ರವಿರಲಿಲ್ಲ. ರೇಷನ್ ಕಾರ್ಡು ತೋರಿಸಿದ. ಹುಡುಗಿ ಇವನ ಮನೆಯ ಅಕ್ಕಿ ತಿನ್ನುತ್ತಾಳೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ ಎಂದರು ಮೇಷ್ಟ್ರು.

ವಾಪಸು ಬರುವಾಗ ಜೀಪ್ ಡ್ರೈವರ್ ಮುಖ್ತಾರ್ ಉಪಾಯ ಹೇಳಿದ. “ಪೇಪರ್‌ನಾಗೆ ಬಂದೈತೆ ಮಾರಾಯ. ಡಿಎನ್ಎ ಅಂತ. ಒಂದು ತೊಟ್ಟು ರಕ್ತ ನೋಡಿ ಅಪ್ಪ ಯಾರು ಅಂತ ಹೇಳ್ಬುಡ್ತಾರೆ. ಖರ್ಚು ಮಾತ್ರ ನಿನ್ನ ಕೈಲಿ ಆಗಾಕಿಲ್ಲ.”

“ತಪ್ಪು ಬರ್ದಿದ್ದು ಸರ್ಕಾರ. ಸರ್ಕಾರವೇ ಮಾಡುಸ್ಲಿ. ಅಪ್ಪ ಆದೋನಿಗೆ ಅಷ್ಟೂ ಹಕ್ಕಿಲ್ವಾ?”

ಎಸ್ಟೇಟಿನಲ್ಲಿ ಅರ್ಜಿ ಬರೆಯಬಲ್ಲವನೂ ಏಕಾಂತಯ್ಯ ಒಬ್ಬನೇ. ತನ್ನಿಂದಾದ ಎಡವಟ್ಟಿಗೆ ನಾಚಿಕೊಂಡು ದುಂಡಗೆ ಬರೆದುಕೊಟ್ಟ. ಭೂತಯ್ಯ ಹೇಳಿದ್ದು ‘ನಾನೇ ಅಪ್ಪ ಅಂತ ತೋರ್ಸಾಕೆ’ ಎಂದು. ಅದು ಒರಟಾಯಿತೆನಿಸಿ ಏಕಾಂತಯ್ಯ ಬರೆದದ್ದು: ‘ಸದರಿ ಮಗುವಿನ ತಂದೆ ಯಾರೆಂದು ತಿಳಿದುಕೊಳ್ಳುವುದು ತಂದೆಯ ಹಕ್ಕಾಗಿರುವುದರಿಂದ, ಸರ್ಕಾರದ ಖರ್ಚಿನಲ್ಲಿ ರಕ್ತಪರೀಕ್ಷೆ ಮಾಡಿಸಿಕೊಡಬೇಕಾಗಿ ವಿನಂತಿ.’

ಸಕಲೇಶಪುರದ ತಾಲ್ಲೂಕು ಕಚೇರಿಯ ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿದ. ಸಾಲಿನಲ್ಲಿದ್ದವರು ಒಮ್ಮೆ ಭೂತಯ್ಯನನ್ನು, ಒಮ್ಮೆ ಜೊತೆಗಿದ್ದ ಏಕಾಂತಯ್ಯನನ್ನು ನೋಡಿದರು. ಇವರಿಬ್ಬರೂ ಊರು ಮುಟ್ಟುವ ಮೊದಲೇ ಸುದ್ದಿ ಲೈನು ಮುಟ್ಟಿತ್ತು.

ಹೆಂಡತಿ ಕಲ್ಯಾಣಮ್ಮ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. “ಯಾರ್ಯಾರ ರಕ್ತ ತೆಗೀತಾರಂತೆ?”

“ನಂದು, ಮಗೀದು, ಮತ್ತೆ ಏಕಾಂತಯ್ನೋರ್ದು.”

“ಅವರ್ದು ಯಾಕೆ?”

“ಪುಸ್ತಕದಾಗೆ ಅವರೆಸ್ರು ಐತಲ್ಲ.”

ಹೇಳಿದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು.

“ಪುಸ್ತಕ ತಪ್ಪಿದ್ರೆ ಪುಸ್ತಕಕ್ಕೆ ಪರೀಕ್ಷೆ ಮಾಡ್ಸು. ನನಗ್ಯಾಕೆ ಮಾಡುಸ್ತೀಯ?”

“ನಿನಗೆಲ್ಲಿ ಮಾಡುಸ್ತಾರೆ? ನಿನ್ನ ರಕ್ತ ಯಾರು ಕೇಳ್ದೋರು?”

“ಹೂಂ. ನನ್ನ ಯಾರೂ ಕೇಳ್ಲಿಲ್ಲ,” ಎಂದಳು. ಆಮೇಲೆ ಮೂರು ದಿನ ರೊಟ್ಟಿ ಸಿಕ್ಕಿತು, ಮಾತು ಸಿಗಲಿಲ್ಲ.

ಅನುಮಾನ ಊರಿಗೆಲ್ಲ ಇದೆ, ತನಗೊಬ್ಬನಿಗೆ ಇಲ್ಲ ಎಂದುಕೊಂಡ ಭೂತಯ್ಯ. ಆದರೂ ಶೀಲಾ ನಗುವಾಗ ಅವಳ ಮೂಗನ್ನು ಎರಡು ಸಲ ನೋಡಿದ. ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡ. ಪರೀಕ್ಷೆ ಬೇಕೆಂದದ್ದು ಪುಸ್ತಕದವರಿಗೆ ಗೊತ್ತಾಗಲೆಂದೋ, ತನಗೋ? ಈಗ ಅದೂ ಸರಿಯಾಗಿ ನೆನಪಾಗಲಿಲ್ಲ. ನಾಲ್ಕನೇ ದಿನ ಹೋಗಿ ಅರ್ಜಿ ವಾಪಸು ಕೇಳಿದ.

“ಕಾರಣ ಬರೀಬೇಕು,” ಎಂದ ಗುಮಾಸ್ತ. “ಅನುಮಾನ ಪರಿಹಾರವಾಗಿದೆ ಅಂತ ಬರೀಲಾ?”

“ಅನುಮಾನ ಇರ್ಲೇ ಇಲ್ಲ ಸಾ.”

“ಇಲ್ದೇ ಇರೋ ಅನುಮಾನಕ್ಕೆ ಪರೀಕ್ಷೆ ಕೇಳಿದ್ಯಾ?”

ಗುಮಾಸ್ತ ತನಗೆ ತೋಚಿದ್ದನ್ನು ಬರೆದುಕೊಂಡ.

ಮನೆಗೆ ಬಂದು ಹೇಳಿದಾಗ ಕಲ್ಯಾಣಮ್ಮ, “ಪುಸ್ತಕ ಹಾಳಾಗ್ಲಿ. ಮೊದ್ಲು ಮಗೀನ ಸೇರ್ಸು,” ಎಂದಳು. ಅದು ನಾಲ್ಕು ದಿನದಲ್ಲಿ ಮೊದಲ ಮಾತು.

ಹಾಸ್ಟೆಲಿಗೆ ಸೇರಲು ಕೊನೆಯ ದಿನ ಭೂತಯ್ಯ, ಏಕಾಂತಯ್ಯ ಇಬ್ಬರೂ ಶೀಲಾಳನ್ನು ಕರೆದುಕೊಂಡು ಹೋದರು. ಟಿ.ಸಿ. ಇದ್ದ ಹಾಗೇ ಇತ್ತು. ವಾರ್ಡನ್ ಮೇಡಂ ಕೇಳಿದರು, “ನಿಮ್ಮಪ್ಪ ಯಾರಮ್ಮ?”

ಶೀಲಾ ಭೂತಯ್ಯನ ಕಡೆ ಗದ್ದ ಎತ್ತಿದಳು.

“ಹಾಗಾದ್ರೆ ಇವರು?”

“ಅವರು ಪುಸ್ತಕದಲ್ಲಿ, ಮೇಡಂ.”

ವಾರ್ಡನ್‌ಗೆ ಇನ್ನೂ ಹದಿನೇಳು ಹುಡುಗಿಯರಿದ್ದರು. “ಪುಸ್ತಕದವರು ಬಲಗಡೆ, ‘ತಂದೆ’ ಅಂತಿರೋ ಚೌಕದಲ್ಲಿ ಸಹಿ ಹಾಕಿ. ನೀವು ಎಡಗಡೆ, ಪೋಷಕರು.”

ಏಕಾಂತಯ್ಯ, ಬೇರೆಯವರ ಮನೆಯ ಒಳಗೆ ಹೋಗಲು ನಾಚುವವನಂತೆ, ಬಲಗಡೆಯ ಚೌಕದ ಮೂಲೆಯಲ್ಲಿ ಸಣ್ಣಗೆ ಸಹಿ ಹಾಕಿದ. ಭೂತಯ್ಯ ಹೆಬ್ಬೆರಳು ಮುಂದೆ ಮಾಡಿ, ಹಿಂದಕ್ಕೆಳೆದುಕೊಂಡು ಪೆನ್ನು ಕೇಳಿದ. ಹೆಸರು ಬರೆಯಲು ಬೇಸಿಗೆಯಲ್ಲಿ ಶೀಲಾಳೇ ಕಲಿಸಿದ್ದಳು, ಗೋಡೆಯ ಮೇಲೆ ಇದ್ದಿಲಲ್ಲಿ. ಹಾಗಾಗಿ ಅವನ ಅಕ್ಷರಗಳು ಗೋಡೆಯ ಅಳತೆಯವು. ‘ಭೂ’ ಬರೆಯುವಷ್ಟರಲ್ಲೇ ಚೌಕ ಮುಗಿಯಿತು. ‘ತಯ್ಯ’ ಗೆರೆ ದಾಟಿ ಬಲಗಡೆಯ ಚೌಕಕ್ಕೆ ಹೋಯಿತು.

“ರೀ, ಗೆರೆ ದಾಟ್ತಲ್ರೀ,” ಎಂದರು ವಾರ್ಡನ್.

“ದಾಟ್ತು ಮೇಡಂ,” ಎಂದ ಭೂತಯ್ಯ, ಪೆನ್ನು ವಾಪಸು ಕೊಡುತ್ತ.