ಆರ್ಕುಟ್ಟಿನಲ್ಲಿ ಸಿಕ್ಕ ಊರಿನವರು

ಮೂಡಲಪಾಳ್ಯದ ಮುನಿತಾಯಮ್ಮನವರಿಗೆ ಆ ಭಾನುವಾರ ಬೆಳಿಗ್ಗೆ ನೆಮ್ಮದಿಯಾಗಿ ಮುದ್ದೆ ತಿರುವುವುದಕ್ಕೂ ಆಗಲಿಲ್ಲ. ಮನೆಯ ಫೋನು ಮೇಲಿಂದ ಮೇಲೆ ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಯಾವುದೋ ಗಂಡು ದನಿ.

"ಗುರುದೇವಿ ಇದಾರಾ?"

"ಯಾರಪ್ಪಾ ನೀನು?"

"ಫ್ರೆಂಡು ಆಂಟಿ."

ಇನ್ನೊಬ್ಬ ಇವರ ದನಿ ಕೇಳಿದೊಡನೆ ಫೋನು ಕುಕ್ಕಿಬಿಟ್ಟ. ಮತ್ತೊಬ್ಬ ಸುಮ್ಮನೆ ನಕ್ಕ.

ಗುರುದೇವಿ ಅವರ ಹಿತ್ತಲ ಮನೆಯ ಬಾಡಿಗೆಯವಳು, ಕೊಪ್ಪಳದ ಕಡೆಯ ಹುಡುಗಿ. ಪಿಯುಸಿ ಮುಗಿಸಿ ಮದುವೆಯಾಗಿ, ಗಂಡ ವೀರೇಶನ ಜೊತೆ ಬೆಂಗಳೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ವೀರೇಶ ಪೀಣ್ಯದ ಕಾರ್ಖಾನೆಗೆ ಹೋದರೆ ಇವಳೊಬ್ಬಳೇ. ಅಂಗಡಿಯಲ್ಲಿ ಈರುಳ್ಳಿಗೆ "ಉಳ್ಳಾಗಡ್ಡಿ ಕೊಡ್ರಿ" ಎಂದರೆ ಪಕ್ಕದವರು ನಗುತ್ತಿದ್ದರು. ಬರಬರುತ್ತಾ ಆಕೆ ಬೇಕಾದ್ದನ್ನು ಬೆರಳು ಮಾಡಿ ತೋರಿಸಿ ತರುವುದನ್ನು ಕಲಿತುಬಿಟ್ಟಳು.

ಆದರೆ ಈಚೆಗೆ ಹುಡುಗಿ ಬದಲಾಗಿದ್ದಳು. ಮಧ್ಯಾಹ್ನ ಮೇನ್ ರೋಡಿನ ಸೈಬರ್ ಸೆಂಟರಿಗೆ ಹೋಗುತ್ತಿದ್ದಳು, ನಗುಮುಖದಲ್ಲಿ ವಾಪಸು ಬರುತ್ತಿದ್ದಳು. ಬಟ್ಟೆ ಒಗೆಯುವಾಗ ಗುನುಗುತ್ತಿದ್ದಳು. ಅಲ್ಲಿ ಅಂಥದ್ದೇನಿದೆ ಎಂದು ಮುನಿತಾಯಮ್ಮನಿಗೆ ಎಷ್ಟೋ ದಿನದಿಂದ ಕುತೂಹಲ. ಈಗ ಈ ಫೋನುಗಳು ಬೇರೆ.

ವಿಷಯ ತಿಳಿದು ವೀರೇಶ ಕೆಂಡವಾದ. "ಇನ್ನ ಆ ಸೈಬರ್ ಕಡೆ ಕಾಲ ಇಡಬ್ಯಾಡ. ಮಂದಿ ಏನಂದಾರು?"

ಗುರುದೇವಿಯ ಕಣ್ಣು ತುಂಬಿತು. "ಅಲ್ಲೊಂದ ಕಡೆ ನನ್ನ ಮಾತಿಗೆ ಯಾರೂ ನಗೂದಿಲ್ರೀ. ಅದನ್ನೂ ಬಂದ್ ಮಾಡಿದ್ರ ನಾ ಯಾರ ಕೂಡ ಮಾತಾಡ್ಲಿ?"

ಮುನಿತಾಯಮ್ಮ ನಡುವೆ ಬಂದರು. "ಬೈಯೋದು ಆಮೇಲೆ ಇದ್ದೇ ಐತೆ ಕಣಪ್ಪಾ. ಮೊದ್ಲು ಅದೇನು ಅಂತ ನೋಡಣ. ರಮ್ಯಾ, ಬಾರೇ ಇಲ್ಲಿ!"

ಮಗಳು ರಮ್ಯಶ್ರೀ ಬಿಕಾಂ ಓದುತ್ತಿದ್ದಳು, ಕಂಪ್ಯೂಟರ್ ಚೆನ್ನಾಗಿ ಬಲ್ಲವಳು. ನಾಲ್ವರೂ ಸೈಬರ್ ಸೆಂಟರಿಗೆ ಹೋಗಿ ಒಂದೇ ಪರದೆಯ ಮುಂದೆ ಕುರ್ಚಿ ಜೋಡಿಸಿ ಕೂತರು.

"ಇದು ಆರ್ಕುಟ್ ಅಮ್ಮ. ಇದ್ರಲ್ಲಿ ಕಮ್ಯುನಿಟಿ ಅಂತ ಗುಂಪುಗಳಿರ್ತವೆ. ಗುರುದೇವಿ ಅಕ್ಕ ಇರೋದು 'ಬೆಂಗಳೂರಾಗ ಕೊಪ್ಪಳ ಮಂದಿ' ಅನ್ನೋ ಗುಂಪಲ್ಲಿ."

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ರಮ್ಯಶ್ರೀ ಜೋರಾಗಿ ಓದುತ್ತಾ ಹೋದಳು. ವಿಜಯನಗರದ ಹತ್ತಿರ ಒಳ್ಳೆ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂದು ಒಬ್ಬಳು ಕೇಳಿದ್ದಳು. ಗಿರಣಿಯ ದಾರಿ ಹೇಳಿದವರು ಹಲವರು. ಆಸ್ಪತ್ರೆಯಲ್ಲಿದ್ದ ತಂದೆಗೆ ರಕ್ತ ಬೇಕೆಂದು ಇನ್ನೊಬ್ಬ ಬರೆದಿದ್ದ. ಕೆಳಗೆ "ನಾ ಹೊಂಟೆ" ಎಂದು ಒಂದೇ ಮಾತಿನ ಉತ್ತರ.

ಮುನಿತಾಯಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದರು. "ಇವ್ರು ಮುಂಚೆ ಒಬ್ರನ್ನೊಬ್ರು ನೋಡಿದ್ರಾ?"

"ಇಲ್ಲಮ್ಮ."

"ಮುಖ ನೋಡ್ದೇ ರಕ್ತ ಕೊಡೋಕ್ ಹೋದ್ನಾ?"

"ಊರಿನ ಹೆಸರು ನೋಡಿದ್ನಲ್ಲಮ್ಮ."

ಮುನಿತಾಯಮ್ಮ ಉಸಿರೆಳೆದುಕೊಂಡರು. ಆಮೇಲೆ ಕೇಳಿದರು: "ಸರಿ, ನಮ್ಮನೆ ನಂಬರು ಇವ್ರಿಗೆಲ್ಲ ಹೆಂಗೆ ಸಿಕ್ತು?"

ರಮ್ಯಶ್ರೀ ಪುಟ ಸರಿಸಿದಳು. ಅಲ್ಲೇ ಇತ್ತು. "ಯಾರಾದ್ರೂ ಅಕ್ಕಂದಿರು ಇದ್ರ ಫೋನ್ ಮಾಡ್ರಿ, ಮಾತಾಡೂಣು" ಎಂದು ಗುರುದೇವಿ ಬರೆದು, ನಂಬರು ಹಾಕಿ, ಪೂರ್ತಿ ಹೆಸರು, ಮನೆ ಇರುವ ರಸ್ತೆ ಎಲ್ಲ ಕೊಟ್ಟಿದ್ದಳು.

"ಅಕ್ಕಾ, ಇದು ನಿಮ್ಮ ಗುಂಪಿನೋರಿಗೆ ಮಾತ್ರ ಕಾಣ್ಸುತ್ತೆ ಅಂದ್ಕೊಂಡ್ರಾ? ಬಸ್ ಸ್ಟಾಪ್ ಗೋಡೆ ಮೇಲೆ ಬರೆದಂಗೆ ಇದು. ಬಂದೋರು, ಹೋದೋರು ಎಲ್ಲ ಓದ್ತಾರೆ."

ಗುರುದೇವಿ ಬೆಪ್ಪಾದಳು. "ನಮ್ಮ ಮಂದೀನ ಅದಾರಲ್ಲ ಅಂತ ಬರದಿದ್ನವಾ."

ಇಬ್ಬರೂ ಸೇರಿ ಅದನ್ನು ಅಳಿಸಿದರು. ಅಷ್ಟರಲ್ಲಿ ಇನ್ನೊಂದು ಸಂದೇಶ ವೀರೇಶನ ಕಣ್ಣಿಗೆ ಬಿತ್ತು. 'ಕೊಪ್ಪಳ ಹುಲಿ' ಎಂಬ ಹೆಸರಿನವನು ಬರೆದಿದ್ದ: "ತಂಗೀ, ನಾನೂ ನಿಮ್ಮ ಊರಿನವನು. ಒಬ್ಬಳೇ ಬಾ, ಭೇಟಿ ಆಗೋಣ. ಮನೆಯಲ್ಲಿ ಹೇಳಬೇಡ."

"ನಾ ಇದಕ್ಕ ಉತ್ತರಾನ ಕೊಟ್ಟಿಲ್ರೀ," ಎಂದಳು ಗುರುದೇವಿ ಗಾಬರಿಯಿಂದ.

"ಮನೇಲಿ ಹೇಳ್ಬೇಡ ಅನ್ನೋನು ಅದ್ಯಾವ ಸೀಮೆ ಅಣ್ಣ?" ಎಂದು ಮುನಿತಾಯಮ್ಮ ರೇಗಿದರು.

ರಮ್ಯಶ್ರೀ ಹುಲಿಯ ಪುಟ ತೆರೆದಳು. ಫೋಟೊ ಜಾಗದಲ್ಲಿ ಗುಲಾಬಿ ಹೂವು. ಹಾಸನದ ಗುಂಪಿನಲ್ಲಿ "ನಾನು ಹಾಸನದ ಹುಡುಗ" ಎಂದಿದ್ದ. ಮಂಗಳೂರಿನ ಗುಂಪಿನಲ್ಲಿ ಮಂಗಳೂರಿನವನೇ ಆಗಿದ್ದ. ಎಲ್ಲ ಕಡೆಯೂ ಹುಡುಗಿಯರನ್ನೇ ಮಾತಾಡಿಸಿದ್ದ.

"ಎಷ್ಟ ಊರಾಗ ಹುಟ್ಯಾನಿವ?" ಎಂದ ವೀರೇಶ. ಸಿಟ್ಟಿನ ನಡುವೆಯೂ ಅವನಿಗೆ ನಗು ಬಂತು.

ಗುಂಪನ್ನು ನಡೆಸುತ್ತಿದ್ದವನು ದುಂಡೇಶ, ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಕಾನೂನು ಓದುತ್ತಿದ್ದ ಹುಡುಗ. ರಮ್ಯಶ್ರೀ ಅವನಿಗೆ ಎಲ್ಲವನ್ನೂ ಬರೆದು ತಿಳಿಸಿದಳು. ಸಂಜೆಯೊಳಗೆ ಆತ ಹುಲಿಯನ್ನು ಗುಂಪಿನಿಂದ ಹೊರಹಾಕಿ, ಯಾರೂ ಫೋನ್ ನಂಬರು, ವಿಳಾಸ ಹಾಕಕೂಡದೆಂದು ಎಲ್ಲರಿಗೂ ತಿಳಿಸಿದ. ಮುಂದಿನ ಭಾನುವಾರ ಚಂದ್ರಾ ಲೇಔಟಿನ ಪಾರ್ಕಿನಲ್ಲಿ ಎಲ್ಲರೂ ಸೇರೋಣ, ಮನೆಯವರನ್ನೂ ಕರೆತನ್ನಿ ಎಂದೂ ಬರೆದ.

ವೀರೇಶನಿಗೆ ಇನ್ನೂ ಅನುಮಾನ. "ಇಷ್ಟೆಲ್ಲ ತ್ರಾಸು ಯಾಕ? ಬಿಟ್ಟಬಿಡೂದ ಚಲೋ ಅಲ್ಲೇನು?"

"ಬಸ್ಸಲ್ಲಿ ಜೇಬು ಕತ್ತರಿಸ್ತಾರೆ ಅಂತ ನೀವು ಕೆಲಸಕ್ಕೆ ಹೋಗೋದು ಬಿಟ್ಟಿದೀರಾ ಅಣ್ಣಾ? ಜೇಬಿನ ಮೇಲೆ ಕೈ ಇಟ್ಕೊಂಡು ಹೋಗ್ತೀರ ತಾನೆ?" ಎಂದಳು ರಮ್ಯಶ್ರೀ.

"ನಾನೂ ಬತ್ತೀನಿ," ಎಂದರು ಮುನಿತಾಯಮ್ಮ. "ಈ ಮುಖ ಕಾಣದ ಜನದ ಮುಖ ನೋಡ್ಬೇಕು ನಾನು."

ಪಾರ್ಕಿನಲ್ಲಿ ಮೊದಲಿಗೆ ಎಲ್ಲರಿಗೂ ಸಂಕೋಚ. ಕೆಂಗೇರಿಯಿಂದ ಮಗನೊಂದಿಗೆ ಬಂದಿದ್ದ ಹನುಮವ್ವ ಎಂಬ ಹಿರಿಯ ಹೆಂಗಸು ಗುರುದೇವಿಯ ಕೈ ಹಿಡಿದು, "ನೀ ಯಾರ ಪೈಕಿ ಬೇ ಯವ್ವಾ?" ಎಂದದ್ದೇ ತಡ, ಹುಡುಗಿ ತಡೆಯಿಲ್ಲದೆ ಮಾತಿಗೆ ಬಿದ್ದಳು. ಬೆರಳು ತೋರಿಸಿ ಸಾಮಾನು ತರುತ್ತಿದ್ದವಳು ಇವಳೇನಾ ಎಂದು ಮುನಿತಾಯಮ್ಮ ಬೆರಗಾದರು. ಬಿಗಿದುಕೊಂಡು ಕೂತಿದ್ದ ವೀರೇಶನಿಗೆ ಪಕ್ಕದೂರಿನವನೊಬ್ಬ ಸಿಕ್ಕ. ರೊಟ್ಟಿ, ಶೇಂಗಾ ಚಟ್ನಿ ಹಂಚುವ ಹೊತ್ತಿಗೆ ಇಬ್ಬರೂ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ಮುನಿತಾಯಮ್ಮನಿಗೆ ಹಳೆಯದೆಲ್ಲ ನೆನಪಾಯಿತು. ಅವರು ಹುಟ್ಟಿ ಬೆಳೆದದ್ದು ಮೂಡಲಪಾಳ್ಯದಲ್ಲೇ. ರಾಗಿ ಹೊಲಗಳು ಸೈಟುಗಳಾದವು. ಜೊತೆಗೆ ಕಳೆ ಕೀಳುತ್ತಿದ್ದ ವೆಂಕಟಲಕ್ಷ್ಮಮ್ಮ, ನರಸಮ್ಮ ಎಲ್ಲ ಒಂದೊಂದು ದಿಕ್ಕಿಗೆ ಹೋದರು. ಈಗ ತಮ್ಮ ಬೀದಿಯಲ್ಲೇ ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವರು 'ಓನರ್ ಆಂಟಿ'.

ಮಾರನೆಯ ದಿನ ತಾವೇ ಕೇಳಿದರು. "ರಮ್ಯಾ, ಅದ್ರಲ್ಲಿ ನಮ್ಮ ಮೂಡಲಪಾಳ್ಯದೋರ್ದೂ ಗುಂಪು ಐತಾ?"

ಗುರುದೇವಿಯನ್ನೂ ಕರೆದುಕೊಂಡು ಸೈಬರ್ ಸೆಂಟರಿಗೆ ಹೋಗಿ ಹುಡುಕಿದರು. ಇರಲಿಲ್ಲ. ರಮ್ಯಶ್ರೀ ಅಮ್ಮನ ಹೆಸರಿನಲ್ಲಿ ಖಾತೆ ತೆರೆದು, 'ಹಳೇ ಮೂಡಲಪಾಳ್ಯದವರು' ಎಂಬ ಗುಂಪು ಶುರುಮಾಡಿದಳು. ಸದಸ್ಯರು: ಒಬ್ಬರು.

"ನಾನೊಬ್ಳೇನಾ?" ಮುನಿತಾಯಮ್ಮನ ದನಿ ಸಣ್ಣಗಾಯಿತು.

ಪಕ್ಕದ ಕಂಪ್ಯೂಟರಿನಲ್ಲಿದ್ದ ಗುರುದೇವಿ ಏನೋ ಒತ್ತಿದಳು. ಸದಸ್ಯರು ಇಬ್ಬರಾದರು.

"ನೀನು ಕೊಪ್ಪಳದೋಳಲ್ವೇನೇ?"

"ಹೌದ್ರೀ. ಈಗ ಈ ಊರಾಕಿನೂ ಅದೀನಿ. ಬ್ಯಾಡಂದ್ರ ತಗದಹಾಕ್ರಿ."

ಮುನಿತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ತೆಗ್ಯೋದೇನು ಬಂತು! ಸಾಯಂಕಾಲ ಮನೇಗ್ ಬಾ, ಅವರೆಕಾಯಿ ಸುಲಿಯೋದೈತೆ. ನಮ್ಮೂರು ಮುಂಚೆ ಹೆಂಗಿತ್ತು ಅಂತ ಹೇಳ್ತೀನಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನೆಯ ಮಕ್ಕಳು ಕಂಪ್ಯೂಟರ್ ಮುಂದೆ ಕೂತರೆ ಗದರಿಸುವ ಮೊದಲು ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಳ್ಳಿ. ಅಲ್ಲಿ ಯಾರಿದ್ದಾರೆ ಎಂದು ಕೇಳಿ, ನೋಡಿ. ನಮ್ಮವರು ಎಂಬ ನಂಬಿಕೆಯಲ್ಲಿ ಫೋನ್ ನಂಬರು, ವಿಳಾಸ ಎಲ್ಲರಿಗೂ ಕಾಣುವಂತೆ ಬರೆಯಬೇಡಿ. ಮನೆಯವರಿಂದ ಮುಚ್ಚಿಡು ಎಂದವನನ್ನು ಅಲ್ಲಿಗೇ ಬಿಡಿ. ಭೇಟಿಯಾಗುವುದಿದ್ದರೆ ನಾಲ್ಕು ಜನ ಓಡಾಡುವ ಜಾಗಕ್ಕೆ ಮನೆಯವರ ಜೊತೆ ಹೋಗಿ. ಇನ್ನೊಂದು ಮಾತು: ನಿಮ್ಮ ಬೀದಿಯ ಅಂಗಡಿಯಲ್ಲಿ ಯಾರಾದರೂ ಬೇರೆ ಸೀಮೆಯ ಕನ್ನಡದಲ್ಲಿ ಉಳ್ಳಾಗಡ್ಡಿ ಕೇಳಿದರೆ ನಗಬೇಡಿ. ಯಾವ ಊರು ಎಂದು ಕೇಳಿ. ಅವರು ಹೇಳುವಷ್ಟು ಹೊತ್ತು ನಿಂತು ಕೇಳಿ.